ಕೂತು ಮಾಡೋ ಕೆಲ್ಸ

ಈ ಸಲ ಪಕ್ಷದ ಹಬ್ಬಕ್ಕೆ ಅಕ್ಕನ ಮನೆಗೆ ಹೋಗಿದ್ದೆ. ಅರಕಲಗೂಡಿಂದ ಒಳಗೆ ಹೋದ್ರೆ ಸಿಗೋ ಸಣ್ಣ ಊರು. ಹಿರೀಕರಿಗೆ ಎಡೆ ಇಟ್ಟು, ಊಟ ಮುಗ್ಸಿ, ಜಗಲಿ ಮೇಲೆ ಎಲೆ ಅಡಿಕೆ ಹಾಕ್ಕಂಡು ಕೂತಿದ್ದೋ. ಅಕ್ಕನ ಸೊಸೆ ಬೆಂಗಳೂರಿಂದ ಬಂದಿದ್ಲು. ಚನ್ನರಾಯಪಟ್ಟಣದ ಕಡೆ ಹುಡುಗಿ, ಬೆಂಗಳೂರಲ್ಲಿ ಕಂಪ್ಯೂಟರ್ ಮುಂದೆ ಕೆಲ್ಸ. ಪಾತ್ರೆ ಎಲ್ಲಾ ತೊಳೆದಿಟ್ಟು ಬಂದೋಳು ಗೋಡೆಗೆ ಒರಗಿ, "ಸೊಂಟ ಹಿಡ್ಕಂಡೈತೆ ಅತ್ತೆ, ಈಚೀಚೆಗೆ ಯಾವಾಗ್ಲೂ ಸುಸ್ತು" ಅಂದ್ಲು. ಅಕ್ಕ ಸುಮ್ನಿರ್ಲಿಲ್ಲ. "ಫ್ಯಾನ್ ಕೆಳಗೆ ಕುರ್ಚಿ ಮೇಲೆ ಕೂತು ಮಾಡೋ ಕೆಲ್ಸ. ಅದುಕ್ಕೂ ಸುಸ್ತು ಅಂದ್ರೆ ನಾವೆಲ್ಲ ಇಷ್ಟೊತ್ತಿಗೆ ಮಣ್ಣಾಗ್ಬೇಕಿತ್ತು" ಅಂದ್ಬುಟ್ಲು.

ಹುಡುಗಿ ಮಾತಾಡ್ಲಿಲ್ಲ. ಆಮೇಲೆ ಹಿತ್ತಲಲ್ಲಿ ನೀರೊಲೆ ಹತ್ರ ನನ್ನ ಒಬ್ಬಳನ್ನೇ ಕರ್ಕಂಡೋಗಿ ಹೇಳಿದ್ಲು. ಹೋದ ತಿಂಗಳು ರಕ್ತ ಪರೀಕ್ಷೆ ಮಾಡ್ಸಿದ್ದಾಳೆ. ಸಕ್ಕರೆ ಅಂಚಿಗೆ ಬಂದು ನಿಂತಿದೆಯಂತೆ. ವಯಸ್ಸು ಇನ್ನೂ 29. "ಅತ್ತೆಗೆ ಹೇಳ್ಬೇಡಿ ಚಿಕ್ಕತ್ತೆ, ಸೋಮಾರಿ ಅಂತಾರೆ" ಅಂದ್ಲು. (ಈಗ ಅಕ್ಕನಿಗೆ ಗೊತ್ತಾಗಿದೆ. ಬರೀಲೇನವ್ವ ಅಂತ ಅವಳನ್ನ ಕೇಳ್ಕಂಡೇ ಬರೀತಿದ್ದೀನಿ.)

ನಂಗೆ ಮನಸ್ಸಿಗೆ ಚುರುಕ್ ಅಂತು. ಯಾಕಂದ್ರೆ ನಂಗೂ ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ಅಕ್ಕನಿಗೆ ಇಲ್ಲ. ಒಂದೇ ತಾಯಿ ಹೊಟ್ಟೇಲಿ ಹುಟ್ಟಿದೋರು, ಹೊಳೆನರಸೀಪುರದ ಹತ್ರ ಒಂದೇ ಮನೇಲಿ ಒಂದೇ ಹಿಟ್ಟು ಸಾರು ಉಂಡೋರು. ಅವಳು ಹೊಲ ಗದ್ದೆ ಅಂತ ಹಳ್ಳೀಲಿ ಉಳುದ್ಲು. ನಾನು ಓದಿ ಹಾಸನದಲ್ಲಿ ಒಂದು ಆಫೀಸು ಸೇರಿ 31 ವರ್ಷ ಕುರ್ಚಿ ಮೇಲೆ ಕೂತೆ. ಮನೇಲಿ ಎಲ್ಲಾರೂ "ಅವಳಿಗೆ ಸಿಹಿ ಚಪಲ, ಅದುಕ್ಕೇ ಬಂತು" ಅಂತಿದ್ರು. ನಾನೂ ಹಂಗೇ ನಂಬ್ಕಂಡಿದ್ದೆ. ಆ ದಿನ ಊರಿಂದ ಬಂದ್ಮೇಲೆ, ಈ ಕೂರೋದು ಅನ್ನೋದರ ಲೆಕ್ಕ ಯಾರಾದ್ರೂ ಇಟ್ಟವ್ರಾ ಅಂತ ಹುಡುಕ್ತಾ ಕೂತೆ. ಕೂತೇ ಹುಡುಕಿದ್ದು, ನಗಬೇಡಿ. ಸಿಕ್ಕಿದ್ದನ್ನ ಇಲ್ಲಿ ಬರೆದಿದ್ದೀನಿ.

ನಮ್ಮ ಕಡೆ ಮೊದಲಿಂದ ಕೂತು ಮಾಡೋ ಕೆಲ್ಸ ಅಂದ್ರೆ ಶಾನುಭೋಗರದು. ಚಾಪೆ ಹಾಸ್ಕಂಡು, ಮುಂದೆ ಸಣ್ಣ ಬರವಣಿಗೆ ಪೆಟ್ಟಿಗೆ ಇಟ್ಕಂಡು ಊರಿನ ಲೆಕ್ಕ ಬರೀತಿದ್ರು. ಆದ್ರೆ ಅವರೂ ದಿನಾ ಪೂರ್ತಿ ಕೂತಿದ್ದೋರಲ್ಲ. ಯಾವ ಹೊಲದಲ್ಲಿ ಏನು ಬೆಳೆ, ಎಲ್ಲಿ ಬದು ಒತ್ತುವರಿ ಆಗೈತೆ ಅಂತ ನೋಡಕ್ಕೆ ಬಿಸಿಲಲ್ಲಿ ನಡೀಲೇಬೇಕಿತ್ತು. 1961ರ ಗ್ರಾಮಾಧಿಕಾರ ರದ್ದು ಕಾನೂನಿಂದ ವಂಶಪಾರಂಪರ್ಯದ ಶಾನುಭೋಗಿಕೆ ಹೋಯ್ತು. ಸಂಬಳದ ನೌಕರರು ಬಂದ್ರು. ನೆರಳಲ್ಲಿ ಕೂತು ಸಂಬಳ ಎಣಿಸೋ ಕೆಲ್ಸ ನಮ್ಮಂಥ ಮನೆ ಮಕ್ಕಳಿಗೂ ಸಿಗಬಹುದು ಅನ್ನೋ ಆಸೆ ಊರೂರಲ್ಲಿ ಹುಟ್ಟಿದ್ದು ಆ ಕಾಲದಲ್ಲೇ. ನಮ್ಮವ್ವ ಕೋಳಿ ಕೂಗೋ ಹೊತ್ತಿಗೆ ಎದ್ದು ರಾಗಿಕಲ್ಲಿನ ಗೂಟ ಹಿಡೀತಿದ್ಲು. ಬಾವಿ ನೀರು ಸೇದೋದು, ಕೊಟ್ಟಿಗೆ ಬಾಚೋದು, ತಿಪ್ಪೆಗೆ ಮಂಕರಿ ಹೊರೋದು, ಆಮೇಲೆ ಹೊಲ. "ನೀನಾದ್ರೂ ಕೂತು ಉಣ್ಣೋ ಹಂಗಾಗವ್ವ" ಅಂತ ನನ್ನ ಸ್ಕೂಲಿಗೆ ಕಳಿಸಿದ್ಲು. "ಕೂತು ಉಣ್ಣೋರಿಗೆ ಕುಡಿಕೆ ಹೊನ್ನು ಸಾಲದು" ಅನ್ನೋ ಗಾದೆ ಅವಳಿಗೆ ಗೊತ್ತಿರ್ಲಿಲ್ವಾ? ಗೊತ್ತಿತ್ತು. ಆದ್ರೆ ಗಾದೆ ಹೇಳೋದು ಹೊನ್ನು ಕರಗೋದನ್ನ. ಮೈ ಕೆಡೋದನ್ನ ಅದು ಹೇಳಲ್ಲ.

ಮೈ ಕೆಡೋದನ್ನ ಬರೆದಿಟ್ಟವರಲ್ಲಿ ಮೊದಮೊದಲಿನವನು ಇಟಲಿಯ ಒಬ್ಬ ವೈದ್ಯ, ಬರ್ನಾರ್ಡಿನೋ ರಾಮಝಿನಿ. 1700ರಲ್ಲಿ, ಯಾವ್ಯಾವ ಕಸುಬಿನೋರಿಗೆ ಏನೇನು ಕಾಯಿಲೆ ಬರ್ತದೆ ಅಂತ ಒಂದು ಪುಸ್ತಕವನ್ನೇ ಬರೆದ. ಗಣಿಯೋರು, ಕುಂಬಾರರು, ಸೂಲಗಿತ್ತಿಯರು, ಎಲ್ಲಾರನ್ನೂ ನೋಡಿ ಬರೆದವನೆ. ದರ್ಜಿಗಳು, ಚಪ್ಪಲಿ ಹೊಲಿಯೋರು ದಿನವಿಡೀ ಕೂತು ಬೆನ್ನು ಬಾಗಿಸ್ಕತ್ತಾರೆ, ರಜದ ದಿನವಾದ್ರೂ ಮೈ ಆಡಿಸ್ಬೇಕು ಅಂದ. ಬರವಣಿಗೆ ಗುಮಾಸ್ತರ ವಿಷಯಕ್ಕೆ ಬಂದಾಗ ಮೂರು ಕಾರಣ ಕೊಟ್ಟ: ಎದ್ದೇಳದೆ ಕೂರೋದು, ಒಂದೇ ತರ ಕೈ ಆಡಿಸೋದು, ತಪ್ಪಾಗಬಾರದು ಅಂತ ತಲೆ ಬಿಸಿ. ಮುನ್ನೂರು ವರ್ಷದ ಹಿಂದಿನ ಮಾತು. ನಮ್ಮ ಹುಡುಗಿ ನೀರೊಲೆ ಹತ್ರ ಹೇಳಿದ್ದು ಇದೇ ಮೂರನ್ನ.

ಆದ್ರೆ ಅದು ಕಣ್ಣಿಗೆ ಕಂಡಿದ್ದು. ಎಣಿಸಿ ತೋರಿಸಿದ್ದು 1953ರಲ್ಲಿ, ಲಂಡನ್ನಿನಲ್ಲಿ. ಜೆರ್ರಿ ಮಾರಿಸ್ ಅನ್ನೋ ವೈದ್ಯರಿಗೆ ಒಂದು ಯೋಚ್ನೆ ಬಂತು. ಅಲ್ಲಿನ ಮಹಡಿ ಬಸ್ಸುಗಳಲ್ಲಿ ಇಬ್ಬರು ನೌಕರರು. ಡ್ರೈವರ್ ಪಾಳಿ ಪೂರ್ತಿ ಕೂತಿರ್ತಾನೆ. ಕಂಡಕ್ಟರ್ ಟಿಕೆಟ್ ಕೊಡಕ್ಕೆ ದಿನಾ 500ರಿಂದ 750 ಮೆಟ್ಟಿಲು ಹತ್ತಿ ಇಳೀತಾನೆ. ನಮ್ಮ ಲೆಕ್ಕದಲ್ಲಿ ಹೇಳಬೇಕಂದ್ರೆ, ಶ್ರವಣಬೆಳಗೊಳದ ವಿಂಧ್ಯಗಿರಿಗೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು. ಕಂಡಕ್ಟರ್ ದಿನಾ ಒಂದ್ಸಲ ಗೊಮ್ಮಟನ ದರ್ಶನ ಮಾಡಿ ಬಂದಂಗೆ. ಇಬ್ಬರದೂ ಒಂದೇ ಕಂಪನಿ, ಒಂದೇ ಬಸ್ಸು, ಹೆಚ್ಚು ಕಮ್ಮಿ ಒಂದೇ ತರದ ಮನೆಗಳಿಂದ ಬಂದೋರು. ಸುಮಾರು 31,000 ಜನ ಸಾರಿಗೆ ನೌಕರರ ಕಾಯಿಲೆ ಲೆಕ್ಕ ತೆಗೆದ್ರು. ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಮ್ಮಿ ಇತ್ತು. ಬಂದ್ರೂ ತಡವಾಗಿ ಬರ್ತಿತ್ತು. ಹೃದಯಾಘಾತ ಆದ ಮೂರು ದಿನದೊಳಗೆ ತೀರ್ಕೊಳ್ಳೋದು ಡ್ರೈವರುಗಳಲ್ಲಿ ಎರಡು ಪಟ್ಟು. ಅಂಚೆಯೋರಲ್ಲೂ ಇದೇ ಕಂಡಿತು. ಮನೆ ಮನೆ ಕಾಗದ ಹಂಚೋನಿಗಿಂತ ಒಳಗೆ ಕೂತ ಗುಮಾಸ್ತನಿಗೆ ಕಾಟ ಹೆಚ್ಚು.

ನಂಗೆ ಬಹಳ ಹಿಡಿಸಿದ್ದು ಆಮೇಲಿನ ಕತೆ. ಡ್ರೈವರ್ ಕೆಲ್ಸ ಸೇರೋರೇ ಮೊದ್ಲಿಂದ ದಪ್ಪ ಇರಬಹುದಲ್ವಾ ಅಂತ ಮಾರಿಸರಿಗೇ ಅನುಮಾನ ಬಂತು. ಅವರು ಹೋಗಿ ಹುಡುಕಿದ್ದು ಯಾವ ಆಸ್ಪತ್ರೆ ಕಾಗದವನ್ನೂ ಅಲ್ಲ, ಯೂನಿಫಾರಂ ಹೊಲಿಸಿದ ಅಳತೆ ಪುಸ್ತಕವನ್ನ! ಪ್ಯಾಂಟಿನ ಸೊಂಟದ ಸುತ್ತಳತೆ ನೋಡಿದ್ರೆ ಡ್ರೈವರುಗಳದು ನಿಜಕ್ಕೂ ಹೆಚ್ಚಿತ್ತು. 1956ರಲ್ಲಿ ಅದನ್ನೂ ಮುಚ್ಚಿಡದೆ ಬರೆದ್ರು. ತಮ್ಮ ಮಾತಿಗೆ ತಾವೇ ಅಡ್ಡ ಪ್ರಶ್ನೆ ಹಾಕ್ಕಂಡು ಉತ್ತರ ಹುಡುಕೋರು ಎಷ್ಟು ಜನ ಸಿಗ್ತಾರೆ? ಕೂರೋದು ಒಂದೇ ಕಾರಣ ಅಂತ ಹಟ ಹಿಡೀದೆ ಅವರೂ, ಅವರ ನಂತರದೋರೂ ಬೇರೆ ಬೇರೆ ಕಸುಬಿನವರನ್ನ ನೋಡ್ತಾ ಹೋದ್ರು. ಮೈ ಆಡಿಸೋದು ಹೃದಯ ಕಾಯುತ್ತೆ ಅನ್ನೋ ಮಾತು ಅಲ್ಲಿಂದ ಗಟ್ಟಿಯಾಯ್ತು. ಮಾರಿಸರು 2009ರಲ್ಲಿ ತೀರ್ಕೊಂಡಾಗ ಅವರಿಗೆ 99 ವರ್ಷ.

ಅದೇ 1956ರಲ್ಲಿ ನಮ್ಮ ದೇಶದ್ದೇ ಒಂದು ಲೆಕ್ಕ ಬಂತು. ಜೀನ್ ಮೇಯರ್ ಅನ್ನೋ ಆಹಾರ ವಿಜ್ಞಾನಿ ಮತ್ತು ಅವರ ಭಾರತದ ಸಂಗಡಿಗರು ಪಶ್ಚಿಮ ಬಂಗಾಳದ ಒಂದು ಸೆಣಬಿನ ಗಿರಣಿಯ ಗಂಡಸರನ್ನ ನೋಡಿದ್ರು. ಅಂಗಡಿ ಇಟ್ಕಂಡು ದಿನವಿಡೀ ಕೂತಿರೋರು, ಮೇಲ್ವಿಚಾರಕರು, ಗುಮಾಸ್ತರು, ಮೂಟೆ ಹೊರೋರು, ಎಲ್ಲಾರೂ ಏನು ಉಣ್ತಾರೆ, ಎಷ್ಟು ತೂಗ್ತಾರೆ ಅಂತ. ಹಾಸನದ ಆಲೂಗಡ್ಡೆ ಮಂಡಿ ನೆನಸ್ಕಳಿ. ಗಾದಿ ಮೇಲೆ ಕೂತ ಸಾಹುಕಾರ್ರು, ಚೀಲ ಹೊರೋ ಹಮಾಲಿಗಳು, ನಡುವೆ ಲೆಕ್ಕ ಬರೆಯೋರು. ಕೆಲ್ಸ ಕಮ್ಮಿಯಾದ್ರೆ ಹಸಿವೂ ಕಮ್ಮಿಯಾಗುತ್ತೆ, ತೂಕ ಸರಿಯಾಗಿರುತ್ತೆ ಅಂತ ನಾವೆಲ್ಲ ಅನ್ಕತೀವಿ. ಅವರಿಗೆ ಕಂಡಿದ್ದು ಬೇರೆ. ಅದು ಒಂದು ಮಟ್ಟದವರೆಗೆ ಮಾತ್ರ ನಿಜ. ಪೂರ್ತಿ ಕೂತು ಇರೋರು ಕಮ್ಮಿ ಉಣ್ಣಲ್ಲ, ಸಾಧಾರಣ ಕೆಲ್ಸ ಮಾಡೋರಿಗಿಂತ ಜಾಸ್ತಿನೇ ಉಣ್ತಾರೆ, ತೂಕಾನೂ ಜಾಸ್ತಿ. ಗುಮಾಸ್ತರಲ್ಲೇ, ಮನೆಯಿಂದ ಮೈಲಿಗಟ್ಲೆ ನಡೆದು ಕೆಲ್ಸಕ್ಕೆ ಬರೋರು ಅಷ್ಟು ದಪ್ಪ ಇರ್ಲಿಲ್ಲ. ಅಂದ್ರೆ ಮೈ ಒಂದು ಮಟ್ಟಕ್ಕಿಂತ ಕಮ್ಮಿ ಆಡಿದ್ರೆ, ಹೊಟ್ಟೆಗೆ ಸಾಕು ಅನ್ನೋ ಲೆಕ್ಕವೇ ತಪ್ಪಿ ಹೋಗ್ತದೆ. ನನ್ನ "ಸಿಹಿ ಚಪಲ"ದ ಅರ್ಧ ಕತೆ ಇಲ್ಲೇ ಐತೇನೋ ಅನ್ಸಿತು.

ಗಮನಿಸಿದ್ರಾ? ಬಸ್ಸಿನೋರು ಗಂಡಸರು, ಗಿರಣಿಯೋರೂ ಗಂಡಸರು. ನಮ್ಮನ್ನ ಯಾರೂ ಎಣಿಸಿರ್ಲಿಲ್ಲ. ಹೆಂಗಸರ ಕೆಲ್ಸ ಅಳೆಯೋದೂ ಸುಲಭ ಅಲ್ಲ. ಸುಮ್ನೆ ಕೂತಾಗ ಮೈ ಸುಡೋ ಶಕ್ತೀನ 1 ಅಂತ ಇಟ್ಕಂಡು, ಬೇರೆ ಕೆಲ್ಸ ಅದರ ಎಷ್ಟು ಪಟ್ಟು ಅಂತ ಲೆಕ್ಕ ಹಾಕ್ತಾರೆ. ಎಚ್ಚರವಾಗಿದ್ದು, ಕೂತೋ ಒರಗಿಯೋ ಇದ್ದು, ಒಂದೂವರೆ ಪಟ್ಟು ಮೀರದೇ ಇದ್ರೆ ಅದು ಜಡ ಹೊತ್ತು. ಹೊರದೇಶದ ಪಟ್ಟಿಗಳಲ್ಲಿ ಓಟ, ಈಜು, ಟೆನಿಸ್ ಇರ್ತಾವೆ. ಕುಕ್ಕರುಗಾಲಲ್ಲಿ ಕೂತು ಬಟ್ಟೆ ಕುಕ್ಕೋದು, ಅಂಗಳ ಗುಡಿಸೋದು ಅಲ್ಲಿ ಎಲ್ಲಿ ಸಿಗಬೇಕು? ಬೆಂಗಳೂರಿನ ಸೇಂಟ್ ಜಾನ್ಸ್‌ನ ಮಾರಿಯೋ ವಾಝ್ ಮತ್ತು ಸಂಗಡಿಗರು 2005ರಲ್ಲಿ, ಇಂಥ ಮನೆಗೆಲಸ ಹೊಲದ ಕೆಲ್ಸಗಳೂ ಸೇರಿದಂತೆ ಒಂದು ಪಟ್ಟಿ ಒಟ್ಟು ಮಾಡಿದ್ರು. ನಮ್ಮ ಪಕ್ಕದ ಬೆಂಗಳೂರಲ್ಲೇ ಆದ ಕೆಲ್ಸ ಅಂತ ಓದಿ ಖುಷಿಯಾಯ್ತು.

ಈಗ ಬರೋದು ನಂಗೆ ನಿದ್ದೆ ಕೆಡಿಸಿದ ಭಾಗ. ಎಚ್‌ಎಂಟಿ ಗಡಿಯಾರ ನಮ್ಮ ಮನೆಗಳಲ್ಲಿ ಕಟ್ಟದೇ ಇದ್ದೋರು ಯಾರು? 1953ರಲ್ಲಿ ಬೆಂಗಳೂರಲ್ಲಿ ಶುರುವಾದ ಕಾರ್ಖಾನೆ. ಹಳ್ಳಿ ಬಿಟ್ಟು ಹೋಗಿ ಅಲ್ಲಿ ಸೇರ್ಕಂಡು ಸಂಸಾರ ಕಟ್ಟಿದೋರು ಎಷ್ಟೋ ಜನ. 2005ರಿಂದ 2007ರವರೆಗೆ ಬೆಂಗಳೂರಿನ ಎಚ್‌ಎಂಟಿ ಸೇರಿ ಲಖನೌ, ನಾಗಪುರ, ಹೈದರಾಬಾದಿನ ಕಾರ್ಖಾನೆಗಳಲ್ಲಿ ಒಂದು ದೊಡ್ಡ ಅಧ್ಯಯನ ನಡೀತು. ಅದರ ಉಪಾಯ ನೋಡಿ: ಹಳ್ಳಿಯಿಂದ ಬಂದ ನೌಕರನನ್ನೂ ಅವನ ಹೆಂಡತಿಯನ್ನೂ ಪರೀಕ್ಷೆ ಮಾಡೋದು, ಜೊತೆಗೆ ಅವರ ಒಡಹುಟ್ಟಿದೋರಲ್ಲಿ ಊರಲ್ಲೇ ಉಳಿದ ಒಬ್ಬರನ್ನ ಕರೆಸಿ ಪರೀಕ್ಷೆ ಮಾಡೋದು. ಒಂದೇ ತಾಯಿ ಮಕ್ಕಳು, ಒಬ್ಬರು ಊರಲ್ಲಿ, ಒಬ್ಬರು ಪಟ್ಟಣದಲ್ಲಿ. ಒಟ್ಟು 6,510 ಜನ, ಅದರಲ್ಲಿ ನೂರಕ್ಕೆ 42 ಹೆಂಗಸರು. 2010ರಲ್ಲಿ ಫಲಿತಾಂಶ ಬಂತು. ಊರಲ್ಲಿ ಉಳಿದ ಗಂಡಸರಲ್ಲಿ ಸಕ್ಕರೆ ಕಾಯಿಲೆ ನೂರಕ್ಕೆ 6.2, ಪಟ್ಟಣಕ್ಕೆ ಬಂದೋರಲ್ಲಿ 14.3. ದಪ್ಪ ಇರೋರು ಊರಲ್ಲಿ ನೂರಕ್ಕೆ 19, ಬಂದೋರಲ್ಲಿ ಸುಮಾರು 38. ಹೆಂಗಸರಲ್ಲೂ ಇದೇ ರೀತಿ. ಊರಿನೋರು ಮೈ ಆಡಿಸೋದು ಹೆಚ್ಚು, ಕೂರೋದು ಟೀವಿ ನೋಡೋದು ಕಮ್ಮಿ ಅಂತಾನೂ ಅದೇ ಅಧ್ಯಯನದಿಂದ ತಿಳೀತು.

ಓದ್ತಾ ಓದ್ತಾ ನಂಗೆ ನಾನು, ಅಕ್ಕ ಕಣ್ಮುಂದೆ ಬಂದೋ. ಆ ಕಾರ್ಖಾನೆಯೋರೆಲ್ಲ ಕುರ್ಚಿ ಮೇಲೆ ಕೂತೋರಲ್ಲ, ಪಟ್ಟಣದ ಊಟದಲ್ಲಿ ಎಣ್ಣೆ ಜಿಡ್ಡೂ ಹೆಚ್ಚಿತ್ತು, ಎಲ್ಲಾ ತಪ್ಪನ್ನೂ ಕುರ್ಚಿ ಮೇಲೆ ಹೊರಿಸಕ್ಕಾಗಲ್ಲ. ಆದ್ರೆ ಇಷ್ಟು ಮಾತ್ರ ನಿಜ: ರಕ್ತ ಒಂದೇ ಆಗಿದ್ರೂ ಬದುಕು ಬೇರೆಯಾದ್ರೆ ಮೈ ಬೇರೆಯಾಗ್ತದೆ. ಅದು ಚಪಲದ ಮಾತೂ ಅಲ್ಲ, ಸೋಮಾರಿತನದ ಮಾತೂ ಅಲ್ಲ.

ನನ್ನ ಆಫೀಸನ್ನೇ ತಗಳಿ. ನಾನು ಸೇರಿದಾಗ ಫೈಲು ಬೇಕಂದ್ರೆ ರೆಕಾರ್ಡ್ ರೂಮಿಗೆ ಹೋಗ್ಬೇಕಿತ್ತು, ಏಣಿ ಹತ್ತಿ ಕಟ್ಟು ಇಳಿಸ್ಬೇಕಿತ್ತು, ಸಾಹೇಬರ ಸಹಿಗೆ ಮಹಡಿ ಹತ್ತಬೇಕಿತ್ತು. ಬಡ್ತಿ ಸಿಕ್ಕಿತು, ಮೇಜಿನ ಮೇಲೆ ಬೆಲ್ ಬಂತು. ಒತ್ತಿದ್ರೆ ಅಟೆಂಡರ್ ಬಂದು ಫೈಲು ತರ್ತಿದ್ದ. ಆಮೇಲೆ ಕಂಪ್ಯೂಟರ್ ಬಂತು, ಫೈಲೇ ಎದ್ದು ನನ್ನ ಮುಂದೆ ಬಂತು. ಮೇಲೇರಿದಷ್ಟೂ ಕಾಲಿಗೆ ಕೆಲ್ಸ ಕಮ್ಮಿ. ಅದನ್ನೇ ಮರ್ಯಾದೆ ಅನ್ಕಂಡಿದ್ದೆ. ಕೊನೇ ವರ್ಷಗಳಲ್ಲಿ ಬೆಳಗ್ಗೆ ಹತ್ತಕ್ಕೆ ಕೂತ್ರೆ ಊಟಕ್ಕೊಂದ್ಸಲ, ಬಚ್ಚಲಿಗೊಂದ್ಸಲ ಏಳ್ತಿದ್ದೆ. ಬಚ್ಚಲು ಗಲೀಜು ಅಂತ ನೀರು ಕುಡಿಯೋದನ್ನೂ ಕಮ್ಮಿ ಮಾಡಿದ್ದೆ. ಇದು ನನ್ನೊಬ್ಬಳ ಕತೆ ಅಲ್ಲ, ನಿಮ್ಮಲ್ಲೂ ಎಷ್ಟೋ ಜನ ತಲೆ ಆಡಿಸ್ತಿರ್ತೀರ.

ಈಗ ಅಕ್ಕನ ಪಕ್ಷಾನೂ ಹೇಳ್ಬೇಕು. "ನಾವು ದುಡಿದೋ, ಅದುಕ್ಕೇ ಗಟ್ಟಿ" ಅಂತಾಳೆ. ನಿಜ. ಆದ್ರೆ ಅವಳ ಮಂಡಿ ಸವೆದು ಹೋಗಿದೆ, ಮೆಟ್ಟಿಲು ಇಳೀವಾಗ ಗೋಡೆ ಹಿಡೀತಾಳೆ. ಅವ್ವನ ಬೆನ್ನು ಐವತ್ತಕ್ಕೇ ಬಗ್ಗಿತ್ತು. ರಾಗಿಕಲ್ಲು ಒಳ್ಳೇದಿತ್ತು ಅಂತ ಹಾಡಿ ಹೊಗಳೋರು ಒಂದು ತಿಂಗಳು ಬೀಸಿ ನೋಡ್ಲಿ. ಮಿಲ್ಲು, ನಲ್ಲಿ, ಗ್ಯಾಸು ಬಂದಿದ್ದು ಹೆಂಗಸರ ಪುಣ್ಯ. ನಾವು ಹಿಂದಕ್ಕೆ ಹೋಗೋದು ಬೇಡ. ಇನ್ನೊಂದು ಮಾತು: ಹಳ್ಳೀಲೂ ಕಾಲ ಬದಲಾಗಿದೆ. 2014ರಲ್ಲಿ ಬಂದ ಐಸಿಎಂಆರ್ ಅಧ್ಯಯನದಲ್ಲಿ ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್, ಚಂಡೀಗಢದ 14,227 ಜನರನ್ನ ಕೇಳಿದಾಗ ನೂರಕ್ಕೆ 54 ಜನ ಸಾಕಷ್ಟು ಮೈ ಆಡಿಸ್ತಿರ್ಲಿಲ್ಲ. ಪಟ್ಟಣದಲ್ಲಿ 65, ಹಳ್ಳೀಲೂ 50! ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು.

ಹಂಗಾದ್ರೆ ಹೆಂಗಸರು ಸುಮ್ನೆ ಕೂತವ್ರಾ? 2019ರ ಸರ್ಕಾರಿ ಸಮೀಕ್ಷೆ ಪ್ರಕಾರ ಮನೆಗೆಲಸ ಮಾಡೋ ಹೆಂಗಸರು ದಿನಕ್ಕೆ 299 ನಿಮಿಷ ಅದಕ್ಕೇ ಇಡ್ತಾರೆ, ಮಾಡೋ ಗಂಡಸರು 97 ನಿಮಿಷ. ಐದು ಗಂಟೆ ದುಡಿತ ಇದೆ. ಆದ್ರೆ ಒಲೆ ಮುಂದೆ ನಿಂತು ದೋಸೆ ಹುಯ್ಯೋದ್ರಲ್ಲಿ ದಣಿವು ಬಹಳ, ಉಸಿರು ಏರೋದು ಕಮ್ಮಿ. ನಮ್ಮ ಸೊಸೆ ಎಂಟು ಗಂಟೆ ಕೂತು, ಬಸ್ಸಲ್ಲಿ ಒಂದೂವರೆ ಗಂಟೆ ಕೂತು, ಮನೆಗೆ ಬಂದು ಅಡಿಗೆ ಮನೇಲಿ ನಿಲ್ತಾಳೆ. ವಾಕಿಂಗ್ ಹೋಗು ಅಂತ ಡಾಕ್ಟರ್ ಹೇಳಿದ್ರಂತೆ. ಯಾವಾಗ ಹೋಗ್ಬೇಕು ಅಂತ ಯಾರೂ ಹೇಳ್ಲಿಲ್ಲ.

ಇಲ್ಲಿ ಹೊಸ ಲೆಕ್ಕಗಳು ಸ್ವಲ್ಪ ದಾರಿ ತೋರಿಸ್ತಾವೆ. 2012ರಲ್ಲಿ ಆಸ್ಟ್ರೇಲಿಯಾದಲ್ಲಿ ಡೇವಿಡ್ ಡನ್ಸ್ಟನ್ ಮತ್ತು ಜೊತೆಯೋರು, ದಪ್ಪ ಇರೋ 19 ಜನರನ್ನ ಸಿಹಿ ಪಾನೀಯ ಕುಡಿಸಿ ಐದು ಗಂಟೆ ಕೂರಿಸಿದ್ರು. ಇನ್ನೊಂದು ದಿನ ಅದೇ ಜನ, ಅದೇ ಪಾನೀಯ, ಆದ್ರೆ 20 ನಿಮಿಷಕ್ಕೊಂದ್ಸಲ ಎದ್ದು ಎರಡೇ ನಿಮಿಷ ಮೆಲ್ಲಗೆ ನಡೆಸಿದ್ರು. ರಕ್ತದಲ್ಲಿ ಏರೋ ಸಕ್ಕರೆ ಸುಮಾರು ಕಾಲು ಭಾಗ ಕಮ್ಮಿಯಾಯ್ತು. ಕಾಲಿನ ದೊಡ್ಡ ಮಾಂಸಖಂಡ ಆಡಿದಾಗ ಅದು ರಕ್ತದಿಂದ ಸಕ್ಕರೆ ಎಳ್ಕಳುತ್ತೆ, ಕೂತಾಗ ಆ ಬಾಗಿಲು ಅರ್ಧ ಮುಚ್ಚಿರುತ್ತೆ. 2016ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರ ಲೆಕ್ಕ ಒಟ್ಟು ಮಾಡಿ ನೋಡಿದ್ರು. ದಿನಕ್ಕೆ ಎಂಟು ಗಂಟೆ ಮೇಲೆ ಕೂರೋರೂ 60ರಿಂದ 75 ನಿಮಿಷ ಬಿರುಸಾಗಿ ನಡೆದ್ರೆ, ಕೂತಿದ್ದರ ಹೆಚ್ಚುವರಿ ಅಪಾಯ ಹೋಗುತ್ತೆ ಅಂತ ಕಂಡಿತು. 2018ರಲ್ಲಿ ಇಂಗ್ಲೆಂಡಿನ ಲೆಸ್ಟರಿನ ಆಸ್ಪತ್ರೆಗಳ ಆಫೀಸು ನೌಕರರು 146 ಜನರ ಮೇಲೆ ಮಾಡಿದ ಪ್ರಯೋಗ ಬಂತು. ಎತ್ತರ ಏರಿಸಿ ಇಳಿಸೋ ಮೇಜು ಕೊಟ್ಟು, ತಿಳಿವಳಿಕೆ ಕೊಟ್ಟು, ಆಗಾಗ ಜ್ಞಾಪಿಸಿದ್ದಕ್ಕೆ ಒಂದು ವರ್ಷ ಆದ್ಮೇಲೂ ಕೆಲ್ಸದ ದಿನ 83 ನಿಮಿಷ ಕಮ್ಮಿ ಕೂರ್ತಿದ್ರು. ವಿಶ್ವ ಆರೋಗ್ಯ ಸಂಸ್ಥೆ 2010ರ ಮಾರ್ಗಸೂಚೀಲಿ ಕೂರೋದರ ಮಾತೇ ಎತ್ತಿರ್ಲಿಲ್ಲ. 2020ರಲ್ಲಿ, ವಾರಕ್ಕೆ 150ರಿಂದ 300 ನಿಮಿಷ ಮೈ ಆಡಿಸಿ ಅನ್ನೋದರ ಜೊತೆಗೆ, ಕೂರೋದನ್ನ ಕಮ್ಮಿ ಮಾಡಿ ಅಂತಾನೂ ಸೇರಿಸ್ತು.

ರಾಮಝಿನಿಯಿಂದ ಅಲ್ಲಿಗೆ ಬರಕ್ಕೆ 320 ವರ್ಷ. ನಮ್ಮ ಮನೆಗೆ ಬರಕ್ಕೆ ಇನ್ನೂ ಸ್ವಲ್ಪ ತಡ ಆಯ್ತು.

ಇದನ್ನೆಲ್ಲ ಅಕ್ಕನಿಗೆ ಫೋನಲ್ಲಿ ಹೇಳಿದೆ, ಸೊಸೆ ಒಪ್ಪಿದ್ಮೇಲೆ ಅವಳ ವಿಷಯಾನೂ ಹೇಳಿದೆ. ಅಕ್ಕ ಬಹಳ ಹೊತ್ತು ಮಾತಾಡ್ಲಿಲ್ಲ. "ಹೊಲದಲ್ಲಿ ಕಳೆ ಕೀಳ್ವಾಗ ನಾವು ಯಾವಾಗ ಬೇಕಾದ್ರೂ ಸೊಂಟ ನೆಟ್ಟಗೆ ಮಾಡ್ಕಂಡು ನಿಂತ್ಕಬೋದಿತ್ತು ಕಣೆ. ಅವಳಿಗೆ ಅದೂ ಇಲ್ವಾ?" ಅಂದ್ಲು. ಇಷ್ಟು ಓದಿ ನಂಗೆ ಹೊಳೀದೇ ಇದ್ದಿದ್ದು ಅವಳಿಗೆ ಹೊಳೀತು.

ಈಗ ಏನಾಗಿದೆ ಅಂದ್ರೆ, ಸೊಸೆ ನೀರಿನ ಬಾಟಲಿ ಮೇಜಿನ ಮೇಲೆ ಇಡೋದು ಬಿಟ್ಟಿದ್ದಾಳೆ. ಪ್ರತಿ ಸಲ ಎದ್ದು ಹೋಗಿ ಕುಡೀತಾಳೆ. ಫೋನು ಬಂದ್ರೆ ನಡೆದಾಡ್ತಾ ಮಾತಾಡ್ತಾಳೆ. ಎರಡು ಸ್ಟಾಪು ಮೊದ್ಲೇ ಬಸ್ಸಿಳೀತಾಳೆ, ರಾತ್ರಿ ಪಾತ್ರೆ ಅಕ್ಕನ ಮಗ ತೊಳೀತಾನೆ. ಅದು ಅಕ್ಕನದೇ ಅಪ್ಪಣೆ. ಅವಳ ಸಕ್ಕರೆ ಇಳಿಯುತ್ತೋ ಇಲ್ವೋ ಮುಂದಿನ ಪರೀಕ್ಷೇಲಿ ಗೊತ್ತಾಗ್ತದೆ. ನನ್ನ ಮಾತ್ರೆ ನಿಂತಿಲ್ಲ, ಯಾರೂ ಇದನ್ನ ಓದಿ ಮಾತ್ರೆ ನಿಲ್ಲಿಸ್ಬೇಡಿ. ಮಂಡಿ ನೋವಿರೋರು ಡಾಕ್ಟರನ್ನ ಕೇಳಿ ನಡೀರಿ.

ನಿಮ್ಮ ಮನೇಲಿ ಕೂತು ಕೆಲ್ಸ ಮಾಡೋ ಮಗಳೋ ಸೊಸೆಯೋ ಇದ್ರೆ, ಒಂದಿನ ಎಷ್ಟು ಗಂಟೆ ಕೂತ್ಲು ಅಂತ ಕೇಳಿ ಬರ್ಕಳಿ. ಸುಸ್ತು ಅಂದಾಗ ಬೈಯೋ ಮುಂಚೆ ಆ ಚೀಟಿ ಒಂದ್ಸಲ ನೋಡಿ.